ಬಿಲ್ಲೆ

ಟ್ರಂಕಿನ ತಳದಲ್ಲಿ, ಹಾಸಿದ ಹಳೇ ಪೇಪರಿನ ಅಡಿಗೆ
ಸಿಕ್ಕಿತು ಅದು. ಅಕ್ಕ ಹುಲಿಗೆಮ್ಮ ಬೆಳಕಿಗೆ ಹಿಡಿದು
"ರೂಪಾಯಿ ಅಲ್ಲ ಬಿಡೇ" ಅಂದಳು.
ಹಿತ್ತಾಳೆ. ಮೇಲೊಂದು ತೂತು,
ನಡುವೆ ಒತ್ತಿದ ಅಂಕಿ ನಾನೂರಾ ಹನ್ನೆರಡು.
ಎರಡರ ಕಾಲು ಸವೆದು ಏಳರಂತೆ ಕಾಣುತ್ತದೆ.

ಬೆಂಡೋಲೆ ಅಕ್ಕನಿಗೆ, ಗುಂಡಿನ ಸರ ನಡುವಿನವಳಿಗೆ,
ಅದು ಅವ್ವ ಇದ್ದಾಗಲೇ ಬಾಯಿಮಾತಲ್ಲಿ ಮುಗಿದ ಲೆಕ್ಕ.
ಎರಡೂ ರಾಯಚೂರ ಪೇಟೆಯಿಂದ ಕಂತಿನಲ್ಲಿ ತಂದವು.
ಹಟ್ಟಿಯಲ್ಲಿ ನಾವು ಬಂಗಾರ ಅಗೆದವರು,
ಕೊಂಡವರಲ್ಲ.

ಅಪ್ಪ ಇಳಿಯುತ್ತಿದ್ದ ಗಣಿಯ ಬಾಯಿಗೊಂದು ಹಲಗೆ,
ಹಲಗೆ ತುಂಬ ಮೊಳೆ.
ಇಳಿಯುವವನು ತನ್ನ ಬಿಲ್ಲೆ ಕೊರಳಿಗೆ ಕಟ್ಟಬೇಕು,
ಏರಿ ಬಂದವನು ಮೊಳೆಗೆ ತೂಗಬೇಕು.
ಖಾಲಿ ಮೊಳೆ ಅಂದರೆ ಒಬ್ಬ ಮನುಷ್ಯ ಇನ್ನೂ ಕೆಳಗೆ.
ಕಾಲನಿಯ ಹೆಂಗಸರಿಗೆ ಬರುತ್ತಿದ್ದ ಓದು ಇಷ್ಟೇ.
ಹಿಂದಿನ ವರ್ಷ ಅವ್ವನ ತಮ್ಮ ಯಂಕೋಬನ ಮೊಳೆ
ಮೂರು ದಿನ ಖಾಲಿ ಇತ್ತು.
ನಾಲ್ಕನೆಯ ದಿನ ಬಿಲ್ಲೆ ಬಂತು, ಒರೆಸಿ ತಂದಿದ್ದರು.

ಅಕ್ಕನಿಗೆ ನೆನಪಿದೆ, ನಾನಾಗ ಜೋಳಿಗೆಯ ಕೂಸು.
ಎರಡನೇ ಪಾಳಿ ಮುಗಿಸಿದ ಅಪ್ಪ ಬಿಲ್ಲೆ ಕೊರಳಲ್ಲೇ ಮರೆತು ಬಂದು
ಉಳ್ಳಾಗಡ್ಡಿ ಕಡಿದು, ರೊಟ್ಟಿ ತಿಂದು ಮಲಗಿದ್ದ.
ಅತ್ತ ಸೈರನ್ನು.
ಮನೆಗೇ ಯಾಕೆ ಮೊದಲು ಬಂದು ನೋಡಲಿಲ್ಲ ಅಂದರೆ,
ಮೊಳೆ ಸುಳ್ಳು ಹೇಳಿದ್ದನ್ನು ಯಾರೂ ಕಂಡಿರಲಿಲ್ಲ.
ಹದಿನಾಲ್ಕು ಜನ ದೀಪ ಹಿಡಿದು ಇಳಿದು
ಕಲ್ಲಿಗೆ ಕೂಗಿದರಂತೆ:
ದುರುಗಪ್ಪಾ… ಓ ದುರುಗಪ್ಪಾ…
ಅಪ್ಪ ಮಗ್ಗುಲು ಬದಲಿಸಿದ.
ಅವ್ವ ಎದ್ದು ಕೂತಿದ್ದಳು ಕತ್ತಲಲ್ಲಿ,
ಬಲಗೈ ಮುಷ್ಟಿ ಬಿಗಿಯಾಗಿತ್ತು. ಕೂಸಿನ ಹೊಟ್ಟೆನೋವೇನೋ,
ಓಂಕಾಳು ಹಿಡಿದಿರಬೇಕು ಅಂದುಕೊಂಡಿದ್ದಳು ಅಕ್ಕ
ಈ ನಲವತ್ತೆರಡು ವರ್ಷ.

ನಸುಕಿಗೆ ಮೇಸ್ತ್ರಿ ಖಾಜಾಸಾಬರು
ಟೋಪಿ ಕೈಯಲ್ಲಿ ಹಿಡಿದು ಸುದ್ದಿ ಹೇಳಲು ಬಂದರೆ
ಬಾಗಿಲು ತೆಗೆದವನು ಅಪ್ಪ, ಹಲ್ಲಲ್ಲಿ ಬೇವಿನ ಕಡ್ಡಿ.
ಮೊದಲು ಅಪ್ಪಿಕೊಂಡರು,
ಆಮೇಲೆ ಹೊಡೆದರು.

ಐದು ರೂಪಾಯಿ ದಂಡ, ಹೊಸ ನಂಬರು.
"ಎಲ್ಲಿ ಬಿತ್ತೋ ಏನೋ" ಅಂತ ಸಾಯುವತನಕ ಅಂದ.
ದಿನಾ ಗೇಟಿನಲ್ಲಿ ಬಾಯಿ ತೆರೆದು, ಚಡ್ಡಿ ಝಾಡಿಸಿ,
ಕೂದಲಲ್ಲಿ ಬೆರಳಾಡಿಸಿ ನೋಡಿಸಿಕೊಂಡು ಹೊರಬಂದವನು
ಒಂದು ಹರಳು ಕದ್ದವನಲ್ಲ.
ಬಂಗಾರದ ಗಣಿಯಿಂದ ನಮ್ಮ ಮನೆಗೆ ಬಂದ
ಒಂದೇ ಕಳ್ಳಮಾಲು ಈ ಹಿತ್ತಾಳೆ.
ಕದ್ದವಳು ಅವ್ವ.

ಬಿಲ್ಲೆ ಇವಳ ಹತ್ತಿರ ಇದ್ದರೆ
ಅವನು ಇಸಗೊಳ್ಳಲು ಬರಲೇಬೇಕು ಅಂದುಕೊಂಡಳೋ,
ಗಣಿಗೆ ತೋರಿಸಲು ಗುರುತೇ ಇಲ್ಲದಿದ್ದರೆ
ಗಣಿ ಅವನನ್ನು ಮರೆತೀತು ಅಂತಲೋ,
ಕೇಳಲು ಈಗ ಯಾರಿದ್ದಾರೆ.
ಬಂದ ಅವನು, ಪ್ರತಿ ಪಾಳಿಗೂ, ಇಪ್ಪತ್ತು ವರ್ಷ.
ಕಲ್ಲಿನ ಪುಡಿಯೂ ಎದೆಯಲ್ಲಿ ಕೂತು ಬಂತು ಜೊತೆಗೇ,
ಅದಕ್ಕೆ ನಂಬರು ಹಾಕಿರಲಿಲ್ಲ ಯಾರೂ.
ಕಡೆಗೆ ಹಾಡಹಗಲು ಮಂಚದ ಮೇಲೆ
ಕೆಮ್ಮಿ ಕೆಮ್ಮಿ ಹೋದ.

ಹುಣಸೆ ಹಚ್ಚಿ ತಿಕ್ಕಲು ಹೋದೆ, ಅಕ್ಕ ಕೈ ಹಿಡಿದಳು.
"ಬ್ಯಾಡಬೇ, ಇದ್ದ ಅಂಕಿನೂ ಹೊಕ್ಕಾವು."
ಬೆಂಡೋಲೆ ಕೊಡುತ್ತೇನೆ, ಅದನ್ನು ನನಗೆ ಕೊಡು ಅಂತಲೂ ಅಂದಳು,
ನಕ್ಕಳು, ಮತ್ತೆ ಅನ್ನಲಿಲ್ಲ.

ಮನೆಗೆ ತಂದು ಗೋಡೆಗೊಂದು ಮೊಳೆ ಹೊಡೆದೆ.
ಬಿಲ್ಲೆ ಹಿಟ್ಟಿನ ಡಬ್ಬಿಯ ಹಿಂದೆ ಇದೆ.
"ತೂಗು ಹಾಕಿದೇನು?" ಫೋನಿನಲ್ಲಿ ಕೇಳುತ್ತಾಳೆ ಅಕ್ಕ.
"ನಾಳೆ ಹಾಕ್ತೀನಿ" ಅನ್ನುತ್ತೇನೆ.
ಆಕೆಯೂ ಅವಸರ ಮಾಡುವುದಿಲ್ಲ.