ಗೇಟು ಬಿದ್ದಾಗ

ಅರ್ಜಿಯಲ್ಲಿ ಮುನ್ನೂರು ಜನ ಎಂದು ಬರೆದಿದ್ದೆ.
ಠಾಣೆಯ ರೈಟರು ಕನ್ನಡಕ ಇಳಿಸಿ
‘ಬರೋದೆಷ್ಟು, ಅದು ಹೇಳು’ ಅಂದ.
ನನಗೂ ಗೊತ್ತಿರಲಿಲ್ಲ.

ಮೈಕಿಗೆ ಎರಡು ಸಾವಿರದ ಇನ್ನೂರು, ಆಟೊ ಬೇರೆ.
ನೀರಿನ ಕ್ಯಾನು ನಲವತ್ತು, ಅದರಲ್ಲಿ ಹನ್ನೆರಡು ಸಾಲ.
ಹಗ್ಗ ಹಿಡಿಯಲು ಹಮಾಲರ ಸಂಘದ ಆರು ಜನ.
ಏಳಕ್ಕೇ ಹೊರಡಬೇಕು, ಹತ್ತು ದಾಟಿದರೆ
ಹಳೇ ಪಿ.ಬಿ. ರಸ್ತೆಯ ಡಾಂಬರು
ಚಪ್ಪಲಿ ಹಿಡಿದು ಜಗ್ಗುತ್ತದೆ.
ಹೋದ ಏಪ್ರಿಲ್ಲಿನಲ್ಲಿ ಭಟ್ಟಿಯ ಮುಂದೆ ಕುಸಿದ ಚಮನ್‌ಬಿಗೆ
‘ಸಹಜ ಸಾವು’ ಎಂದು ಬರೆದುಕೊಟ್ಟರು.
ಆಕೆಗೆ ಮೂವತ್ತೊಂಬತ್ತು.
ಆ ದಿನ ಬಿಸಿಲಿಗೂ ಹೆಚ್ಚುಕಡಿಮೆ ಅಷ್ಟೇ.

ಹಿಂದಿನ ರಾತ್ರಿ ಮಂಡಕ್ಕಿ ಭಟ್ಟಿಯ ಓಣಿಯಲ್ಲಿ
ಹಳೇ ಕೆಂಪು ಸೀರೆ ಹರಿದು ಬ್ಯಾನರು.
ಬಿಂದುಶ್ರೀ, ಬಿಎಸ್ಸಿ ಎರಡನೇ ವರ್ಷ, ದುಂಡು ಅಕ್ಷರ,
‘ಹೊಗೆ ನಿಲ್ಲಿಸಿ, ಭೂಮಿ ಉಳಿಸಿ’ ಎಂದು ಬಿಳಿ ಬಣ್ಣದಲ್ಲಿ ಬರೆದಳು.
ಖೈರುನ್ನೀಸಾ ಓದಲಿಲ್ಲ, ಓದಿಸಿಕೊಂಡಳು.
ಆಮೇಲೆ ತಾನು ಹಿಡಿದಿದ್ದ ತುದಿಯನ್ನು
ನಿದ್ದೆಹೋದ ಮಗುವನ್ನು ಮಲಗಿಸುವಂತೆ
ಮೆಲ್ಲಗೆ ನೆಲಕ್ಕಿಟ್ಟಳು.

‘ಯಾರ ಹೊಗೆ ಮಗಳೇ?
ನನ್ನ ಒಲೇದಾ?
ಹೊಟ್ಟು ಸಾಲದ ದಿನ ಹಳೇ ಟಯರು ಹಾಕ್ತೀವಿ, ಹೌದು.
ಎದೆಹಾಲೂ ಅದೇ ನಾತ ಅಂತ ನಮ್ಮತ್ತೆ ಬೈತಿದ್ದಳು.
ನಿಲ್ಲಿಸು ಅಂತ ನೋಟಿಸು ಬಂದೈತೆ, ದಂಡ ಐದು ಸಾವಿರ.
ಬೇರೆ ಒಲೆ ಕೊಡ್ತೀವಿ ಅನ್ನೋ ಕಾಗದ
ಇನ್ನೂ ಬಂದಿಲ್ಲ.’

ಬಿಂದುಶ್ರೀ ಕುಂಚವನ್ನು ನೀರಿಗೆ ಎಸೆದಳು.
‘ಹಂಗಾದ್ರೆ ನನ್ನ ತಮ್ಮನ ಉಬ್ಬಸ ಸುಳ್ಳಾ?’
ಯಾರೂ ಸುಳ್ಳು ಹೇಳುತ್ತಿರಲಿಲ್ಲ,
ಕಷ್ಟ ಅದೇ.
ಒಂದೂವರೆಗೆ ಬ್ಯಾನರು ಮಡಚಿಟ್ಟೆವು,
ಬರೆದದ್ದು ಒಳಗಾಗಿ.

ಭಾಷಣಕ್ಕೆಂದು ನಾನೊಂದು ಮಾತು ಹೊಂದಿಸಿಕೊಂಡಿದ್ದೆ:
ಕಾದ ಮರಳಲ್ಲಿ ಒಂದು ಕಾಳು ಅರಳಿದರೆ ಸದ್ದಿಲ್ಲ,
ಎಲ್ಲ ಕಾಳೂ ಒಟ್ಟಿಗೆ ಅರಳಿದರೆ...
‘ಅರಳಿದ್ದನ್ನ ಚೀಲಕ್ಕೆ ತುಂಬಿ ಮಾರ್ತಾರೆ ಕಣಣ್ಣ’
ಎಂದು ನಕ್ಕಳು ಖೈರುನ್ನೀಸಾ.
ಆ ಹಾಳೆಯನ್ನು ಸುರುಳಿ ಸುತ್ತಿ
ಹಮಾಲ ಕೆಂಚವೀರಪ್ಪ ಬೀಡಿ ಹೊತ್ತಿಸಿಕೊಂಡ.

ಬೆಳಿಗ್ಗೆ ಎಣಿಸುತ್ತ ನಡೆದೆ.
ಭಟ್ಟಿಯ ಹೆಂಗಸರು, ಹಮಾಲರು,
ಕಸ ಗುಡಿಸಿ ಪೊರಕೆ ಸಮೇತ ಬಂದ ಪೌರಕಾರ್ಮಿಕರು,
ಮುಚ್ಚಿದ ಮಿಲ್ಲಿನಿಂದ ಬಾಕಿ ಬರಬೇಕಾದ
ಹದಿನಾಲ್ಕು ಮುದುಕರು,
ಆನಗೋಡಿನಿಂದ ಒಂದು ಟ್ರ್ಯಾಕ್ಟರು ತುಂಬ.
ನೂರಾ ಎಂಬತ್ತರವರೆಗೆ ಸರಿಯಿತ್ತು.
ಒಂದು ಎಮ್ಮೆ ಅಡ್ಡ ಬಂದು
ಲೆಕ್ಕ ತಪ್ಪಿತು.

ಅಶೋಕ ಟಾಕೀಸಿನ ಹತ್ತಿರ ರೈಲ್ವೆ ಗೇಟು ಬಿತ್ತು.
‘ಬೇಕೇ ಬೇಕು’ ಆ ಕಡೆ,
‘ನ್ಯಾಯ ಬೇಕು’ ಈ ಕಡೆ.
ನಡುವೆ ಗೂಡ್ಸು, ಕಲ್ಲಿದ್ದಲು ಹೇರಿಕೊಂಡು,
ಊಟದ ಪಂಕ್ತಿಗೆ ಬರುವ ಬೀಗರ ಹಾಗೆ ನಿಧಾನ.
ಖೈರುನ್ನೀಸಾ ಎಣಿಸತೊಡಗಿದಳು,
ಚೀಲ ಎಣಿಸುವಂತೆ, ಹತ್ತಕ್ಕೊಂದು ಬೆರಳು ಮಡಚಿ.
ಐದು ಬೆರಳು ಮುಗಿದು ಮೇಲೆ ಎಂಟು.
‘ಇಷ್ಟೂ ಎಲ್ಲೋ ಸುಡ್ತಾರಲ್ಲ,
ಇದಕ್ಕೆ ದಂಡ ಎಷ್ಟು?’

ಬಿಂದುಶ್ರೀ ಬಾಯಿ ತೆರೆದಳು.
ಟನ್ನು, ಡಿಗ್ರಿ ಎಲ್ಲ ಲೆಕ್ಕ ಬರುತ್ತಿತ್ತು ಅವಳಿಗೆ.
ಹೇಳಲಿಲ್ಲ. ಬ್ಯಾನರು ಬಿಚ್ಚಿದಳು.
ಕುಂಚ ಇರಲಿಲ್ಲ. ಕೆಂಚವೀರಪ್ಪನ ಸುಣ್ಣದ ಡಬ್ಬಿಯೊಳಗೆ
ಬೆರಳು ಅದ್ದಿ, ಅಂಚಿನ ಖಾಲಿ ಜಾಗದಲ್ಲಿ
ಹೊಗೆಯ ಮುಂದೆ ‘ಯಾರ’ ಎಂದು ಬರೆದಳು,
ಹೊಗೆಯ ಹಿಂದೆ ಒಂದು ಕೊಕ್ಕೆ, ಒಂದು ಚುಕ್ಕೆ.
ವಾಕ್ಯ ಕೆಟ್ಟಿತು. ಯಾರೂ ತಿದ್ದಲಿಲ್ಲ.
ಖೈರುನ್ನೀಸಾ ಬಗ್ಗಿ ತನ್ನ ತುದಿ ಎತ್ತಿಕೊಂಡಳು.

ಗೇಟು ಎದ್ದಾಗ ದಾಟಿ ಹೋಗಿದ್ದವರು
ನಮಗಾಗಿ ಹಿಂದಕ್ಕೆ ಬರುತ್ತಿದ್ದರು.
ಬೈಕಿನವರು ಹಾರನ್ನು ಒತ್ತಿದರು.
ಒಬ್ಬ ಮಾತ್ರ ಇಳಿದು, ಗಾಡಿ ತಳ್ಳುತ್ತ ಜೊತೆ ಬಂದ.
ಎಲ್ಲಿಯವರೆಗೆ ಬಂದ, ನೋಡಲಿಲ್ಲ.

ರಾತ್ರಿ ಲೆಕ್ಕ ಬರೆದೆ.
ಎರಡು ಕ್ಯಾನು ಕಾಣೆ. ಹನ್ನೆರಡರ ಸಾಲ ಹಾಗೇ ಇದೆ.
ಮನವಿ ತೆಗೆದುಕೊಂಡವರು ನಿಂತೇ ತೆಗೆದುಕೊಂಡರು,
ಕೂರಿ ಎನ್ನಲಿಲ್ಲ.
‘ಬಂದವರು’ ಎಂಬುದರ ಎದುರು ಏನು ಬರೆಯಲಿ ತೋಚದೆ
ಐವತ್ತೆಂಟು ವ್ಯಾಗನು ಎಂದು ಬರೆದೆ.
ಓಣಿಯ ಕಡೆಯಿಂದ ಟಯರಿನ ಹೊಗೆ ಬರುತ್ತಿತ್ತು.
ಕಿಟಕಿ ಮುಚ್ಚಲಿಲ್ಲ,
ಕೆಮ್ಮುತ್ತ
ಮುಂದಿನ ಸಭೆಯ ತಾರೀಖು ಹಾಕಿದೆ.