ಹಿಂಬದಿ ಖಾಲಿ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ,
ಮೋರಿ ದಾಟಿ ಎರಡನೇ ಬಾಗಿಲು, ನನ್ನ ಪ್ರೆಸ್ಸು.
ಲಗ್ನಪತ್ರಿಕೆ, ತಿಥಿ ಕಾರ್ಡು, ಡೇರಿಯ ಚೀಟಿ,
ಗೆದ್ದವರ ಬ್ಯಾನರು, ಸೋತವರ ಹಳೇ ಬಾಕಿ.
ಇಷ್ಟೇ ನನ್ನ ಸಾಹಿತ್ಯ.

ಒಂದು ಮಧ್ಯಾಹ್ನ ಶಹತಾಜ್ ಬಂದಳು.
ಹದಿನಾರು ವರ್ಷ ಬಿಸಿನೀರಿನ ಬಾಂಡಲಿಯಲ್ಲಿ
ಗೂಡಿನ ಎಳೆ ಹುಡುಕಿ ಹುಡುಕಿ
ಬೆರಳ ರೇಖೆ ಸವೆದು, ರೇಷನ್ ಅಂಗಡಿಯ ಯಂತ್ರ
‘ಇವಳು ಇವಳಲ್ಲ’ ಅನ್ನುತ್ತದೆ.
ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರ ತುಂಬ ಕಾದಂಬರಿ.
“ಎಷ್ಟಾಗತ್ತಣ್ಣಾ?” ಅಂದಳು
ಡಾಕ್ಟರ ಹತ್ತಿರ ಮಗುವಿನ ಜ್ವರ ಕೇಳುವ ದನಿಯಲ್ಲಿ.

ತೂಕದ ಚೀಟಿಗಳ ಮೇಲೆ ಬರೆದದ್ದು.
ಈ ಬದಿ ಲಾಟ್ ನಂಬರು, ಕೆ.ಜಿ., ದರ, ಸಹಿ.
ಆ ಬದಿ ಒಬ್ಬ ಅತ್ತೆ, ನೀರು ಸೇದುತ್ತ,
ಸತ್ತ ಗಂಡನ ಹೆಸರನ್ನು ಮೊದಲ ಸಲ
ಬಾವಿಯೊಳಕ್ಕೆ ಗಟ್ಟಿಯಾಗಿ ಕೂಗುತ್ತಾಳೆ.
ಆ ಚೀಟಿ ಅಚ್ಚು ಹಾಕಿದವನು ನಾನು.
ಹಿಂಬದಿ ಖಾಲಿ ಬಿಟ್ಟವನೂ ನಾನೇ.
ಕನ್ನಡಕ್ಕೆ ನನ್ನಿಂದಾದ ಸೇವೆ, ಆವರೆಗೆ, ಅದೊಂದೇ.

ಮುನ್ನೂರು ಪ್ರತಿ.
ಪೇಪರಿನ ದುಡ್ಡು ಈಗ, ಮಿಕ್ಕದ್ದು ಆಮೇಲೆ.

ಮುನ್ನುಡಿ ಬರೆಯುವವರು ಸಿಗಲಿಲ್ಲ.
ಊದುವವನು ಸಿಕ್ಕ. ಪಿಳ್ಳಾಂಜಿನಪ್ಪ, ಬ್ಯಾಂಡ್ ಸೆಟ್ಟಿನ ಕ್ಲಾರಿನೆಟ್ಟು,
ಎರಡು ವರ್ಷದಿಂದ ವಿಸಿಟಿಂಗ್ ಕಾರ್ಡಿನ ದುಡ್ಡು ಕೊಡದವನು.
ಮದುವೆಗಳಲ್ಲಿ ಜನ ಕೇಳಿದ ಸಿನಿಮಾ ಹಾಡು ಊದುತ್ತಾನೆ.
ಮೆರವಣಿಗೆ ರೈಲ್ವೆ ಗೇಟಿನಲ್ಲಿ ನಿಂತಾಗ ಮಾತ್ರ
ತನ್ನದೇ ಒಂದು, ಹೆಸರಿಲ್ಲದ್ದು.
ರೈಲು ತಡವಾದಷ್ಟೂ ಅದು ಬೆಳೆದಿದೆ,
ಕುದುರೆ ಮೇಲಿನ ಮದುಮಗ ಆಕಳಿಸುತ್ತಿರುವಾಗ.

ಹರಾಜು ಮುಗಿದ ಮೇಲೆ, ಟೀ ಅಂಗಡಿಯ ಮುಂದೆ ಬಿಡುಗಡೆ.
ಪಿಳ್ಳಾಂಜಿನಪ್ಪ ಊದಿದ. ಗೇಟಿಲ್ಲ, ರೈಲಿಲ್ಲ, ಕುದುರೆಯಿಲ್ಲ.
ಜನ ಕೂತು ಕೇಳುತ್ತಿದ್ದಾರೆ.
ಏಳನೇ ನಿಮಿಷಕ್ಕೆ ಅವನ ಕಣ್ಣು ಗಾಬರಿಯಿಂದ ನನ್ನನ್ನು ಹುಡುಕಿದವು.
ಕೊನೆ ಎಲ್ಲಿ ಅಂತ ಅವನಿಗೇ ಗೊತ್ತಿರಲಿಲ್ಲ.
ಯಾವತ್ತೂ ಗೇಟು ತೆಗೆದದ್ದೇ ಕೊನೆಯಾಗಿತ್ತು.
ಊದುತ್ತಲೇ ಇದ್ದ.
ಶಹತಾಜ್ ಟೀ ಲೋಟ ಕೆಳಗಿಟ್ಟಳು.
ಆ ಸದ್ದಿಗೆ ನಿಲ್ಲಿಸಿದ.

ಹಾರೈಸಿದವರು ನಲವತ್ತು ಜನ.
ನೂರಿಪ್ಪತ್ತು ರೂಪಾಯಿ ಕೊಟ್ಟವರು ಹದಿನೇಳು.
‘ಬರೀತಾ ಇರಮ್ಮಾ’ ಅಂದ ಮೇಷ್ಟರು
ಗೌರವ ಪ್ರತಿ ಕೇಳಿ ಕಂಕುಳಲ್ಲಿ ಇಟ್ಟುಕೊಂಡರು.
ಲಾಟ್ ಕೂಗುವ ದ್ಯಾವಪ್ಪನಿಗೆ ಓದು ಬರದು. ಪುಸ್ತಕವನ್ನು ತಕ್ಕಡಿಗಿಟ್ಟ:
“ಇನ್ನೂರೆಂಬತ್ತು ಗ್ರಾಂ. ಇವತ್ತಿನ ಗೂಡಿನ ರೇಟಿಗೇ
ನೂರೈವತ್ತು ಆಗತ್ತಲ್ಲಮ್ಮಾ, ಲಾಸಿಗೆ ಮಾರ್ತಿದೀಯ.”
ಎರಡು ತಗೊಂಡ. ಚಿಲ್ಲರೆ ವಾಪಸು ತಗೊಳ್ಳಲಿಲ್ಲ.
ವಾರ ಕಳೆದು ಬಂದು ಹೇಳಿದ:
“ಮಗಳು ಓದಿ ಹೇಳಿದ್ಲು. ಆ ಬಾವಿ ಹತ್ರ ನಿಲ್ಲಿಸಿಬಿಟ್ಲು.
ಮುಂದಕ್ಕೆ ಓದು ಅಂದ್ರೆ, ತಡಿ ಅಂತಾಳೆ.”

ಮಿಕ್ಕ ಪ್ರತಿ ಕಟಿಂಗ್ ಮಿಷಿನ್ನಿನ ಕೆಳಗಿವೆ,
ಇಲಿ ಬಾರದ ಹಾಗೆ ನುಸಿಗುಳಿಗೆ ಹಾಕಿ.
ಬಿಲ್ ಬುಕ್ಕಿಗೆ ಬಂದವರ ಕಣ್ಣಿಗೆ ಬೀಳಲೆಂದು
ಒಂದನ್ನು ಗಲ್ಲದ ಮೇಲೆ ಇಟ್ಟಿದ್ದೇನೆ.
ಓದುವ ಹಾಗೆ ನಟಿಸಲು ಕೂತು, ನಿಜವಾಗಿ ಎರಡು ಸಲ ಓದಿದೆ.
ನೂರಾ ಹನ್ನೊಂದನೇ ಪುಟದಲ್ಲಿ ‘ಮೌನ’ ‘ಮೌಸ’ ಆಗಿದೆ.
ತಪ್ಪು ನನ್ನದು.

ಗೊಬ್ಬರದ ಕಂಪನಿಯವರು ಬಂದಿದ್ದರು.
ತೂಕದ ಚೀಟಿಯ ಹಿಂಬದಿಗೆ ಜಾಹೀರಾತು ಹಾಕಿ,
ಸಾವಿರಕ್ಕೆ ಇನ್ನೂರು ಕೊಡ್ತೀವಿ ಅಂದರು.
ಆಗಲ್ಲ ಅಂದೆ.
ಖಾಲಿಯೇ ಇದೆಯಲ್ರೀ ಅಂದರು.
ಇಲ್ಲ ಸ್ವಾಮಿ, ಬುಕ್ಕಾಗಿದೆ ಅಂದೆ.

ಲಗ್ನಪತ್ರಿಕೆಗೆ ಬಂದವರಿಗೆ ಒಂದು ನಕ್ಷೆ ಬಿಟ್ಟಿ ಮಾಡಿಕೊಡುತ್ತೇನೆ,
ಛತ್ರಕ್ಕೆ ದಾರಿ.
ಹತ್ತಿರದ ದಾರಿ ಇನ್ನೊಂದಿದೆ, ನಿಜ.
ನನ್ನ ನಕ್ಷೆಯಲ್ಲಿ ಎಲ್ಲ ಮೆರವಣಿಗೆಯೂ
ರೈಲ್ವೆ ಗೇಟಿನ ಮೇಲೆಯೇ ಹೋಗುತ್ತದೆ.
ಸಂಜೆ ಗಾಡಿ ಇವತ್ತೂ ಲೇಟಂತೆ.