ಗೇಟ್ ಬಿದ್ದಿತ್ತು

ಮೂರೂ ಗಾಡಿಗೆ ಸಾಹುಕಾರರು ಯಂತ್ರ ಕೂರಿಸಿದ ದಿನ
ರಾಯಚೂರಿನಲ್ಲೊಂದು ಮಾತು ಸತ್ತಿತು:
"ಇಲ್ಲೇ ಅದೀನ್ರೀ, ಎಲ್ಡು ನಿಮಿಷ."

ಎಂಥ ಮಾತದು!
ಗಂಜಿನಲ್ಲಿ ಇನ್ನೂ ಅಕ್ಕಿ ತೂಗುತ್ತಿರುವಾಗಲೂ ಇಲ್ಲೇ,
ತೀನ್ ಕಂದೀಲಿನಲ್ಲಿ ಚಹಾ ಆರಿಸುವಾಗಲೂ ಇಲ್ಲೇ,
ಪಂಕ್ಚರಾಗಿ ಜಾಕು ಹುಡುಕುವಾಗಲೂ.
ಆ 'ಇಲ್ಲೇ' ಎಂಬ ಊರು
ಕೃಷ್ಣೆಯಿಂದ ತುಂಗಭದ್ರೆವರೆಗೂ ಹಬ್ಬಿತ್ತು.

ಈಗ ಕಂಪ್ಯೂಟರಿನ ಮುಂದೆ ನಾನು.
ಮೂರು ಹಸಿರು ಚುಕ್ಕೆ, ನನ್ನ ಮೂರು ಇರುವೆ,
ಬೆಲ್ಲ ಬೇಳೆ ಹೊತ್ತು ಓಣಿ ಓಣಿ ಹರಿಯುತ್ತವೆ.
ಒಂದೊಂದು ಸಲ ಮಾವಿನಕೆರೆಯ ನಡುನೀರಿಗೇ ಇಳಿದು
ದಡ ಹತ್ತುತ್ತವೆ; ಹಿಟ್ಟು ಒದ್ದೆಯಾಗುವುದಿಲ್ಲ.

ಲಾಭವಿಲ್ಲವೆನ್ನಲಾರೆ.
ಯರಮರಸಿನ ಹಾಜಿರಾಬಿ, ನಲವತ್ತು ಮಂದಿಯ ಮೆಸ್ಸಿನಾಕೆ,
ಹನ್ನೊಂದರೊಳಗೆ ಏಳು ಸಲ ಫೋನು ಮಾಡಿ ಬೈಯುತ್ತಿದ್ದಳು.
ಈಗ ಚುಕ್ಕೆ ಬೈಪಾಸು ತಿರುಗಿದ್ದು ಕಂಡು
ಎಸರಿಗಿಡುತ್ತಾಳೆ.
ಅಕ್ಕಿ ಬಾಗಿಲಿಗೆ ಬರುವುದೂ ನೀರು ಕುದಿಯುವುದೂ ಒಂದೇ ಗಳಿಗೆ.
ಬೈಗುಳವಿಲ್ಲದೆ ನನಗೇ ಒಂದಿಷ್ಟು ಬಿಕೋ.

ಆದರೆ ತಾಯಪ್ಪನ ಚುಕ್ಕೆ
ದಿನಾ ಎರಡೂವರೆಗೆ, ರೈಲ್ವೆ ಗೇಟು ದಾಟಿದ ಮೇಲೆ,
ಹನ್ನೊಂದು ನಿಮಿಷ ನಿಲ್ಲುತ್ತದೆ.
ಹಸಿರು ಕೆಂಪಾಗುತ್ತದೆ.
ಸಾಹುಕಾರರು ಕನ್ನಡಕ ಏರಿಸಿ ಬೆರಳಿಡುತ್ತಾರೆ:
"ಇಲ್ಲೇನೈತಿ? ಕೇಳು."
ಕೇಳಿದೆ. "ಗೇಟ್ ಬಿದ್ದಿತ್ತಕ್ಕ" ಅಂದ.
ಗೇಟು ಅರ್ಧ ಫರ್ಲಾಂಗು ಹಿಂದಿತ್ತು.
ಷರಾದ ಕಾಲಮ್ಮಿನಲ್ಲಿ ಬರೆದೆ: ಗೇಟು.

ರಾತ್ರಿ ನಕಾಶೆ ಹಿಗ್ಗಿಸಿದೆ. ಬೆರಳೆರಡು ಅಗಲಿಸಿದಷ್ಟೂ
ಬೂದು ರಸ್ತೆ, ಬೂದು ಬಯಲು, ಹೆಸರಿಲ್ಲದ ಗೆರೆ.

ಭಾನುವಾರ ಅರ್ಧ ದಿನ ರಜೆ. ಸ್ಕೂಟಿ ತೆಗೆದೆ.
ಏಪ್ರಿಲ್ಲಿನ ಎರಡೂವರೆ: ಡಾಂಬರು
ಚಪ್ಪಲಿಯನ್ನು ಬಿಡಲೊಲ್ಲದು,
ಬ್ರೇಕಿನ ಕಬ್ಬಿಣ ಮುಟ್ಟಿದರೆ ಹಂಚು.
ಚುಕ್ಕೆ ನಿಲ್ಲುವ ಜಾಗದಲ್ಲಿ ನಿಂತೆ.

ಬೇವಿನ ಮರ.
ಒಂದೇ.
ಬುಡಕ್ಕೊಂದು ಹರವಿ, ನೆನೆಸಿ ಹೊದಿಸಿದ ಗೋಣಿ,
ಮೊಸರಿನ ಕ್ರೇಟು ಇಳಿಸಿ ಇಳಿಸಿ
ಮಣ್ಣಿನಲ್ಲಿ ಬಿದ್ದ ಚೌಕ ಗುರುತು.
ಗಿರಾಕಿಗಳ ಮೊಸರು ಹುಳಿಯಾಗದ್ದು,
ತಾಯಪ್ಪನ ತಲೆ ಸಿಡಿಯದ್ದು, ಎರಡೂ ಇಲ್ಲಿ.
ನಕಾಶೆ ಬರೆದವನು ಆಕಾಶದಿಂದ ನೋಡಿದ್ದಾನೆ,
ಪಾಪ, ನೆರಳು ಅವನಿಗೆ ಹೇಗೆ ಕಂಡೀತು.

ಹರವಿಯ ನೀರು ಕುಡಿದೆ. ಮುಖಕ್ಕೂ ಎರಚಿಕೊಂಡೆ.
ರೈಲೊಂದು ಹೋಯಿತು, ಗುಂತಕಲ್ಲಿನ ಕಡೆಯದಿರಬೇಕು.
ಏಳಬೇಕೆನಿಸಲಿಲ್ಲ.

ಸೋಮವಾರ ಶಟರ್ ಎತ್ತುತ್ತಲೇ ಸಾಹುಕಾರರು:
"ಉರುಕುಂದಮ್ಮಾ, ಅಂಗಡಿ ಫೋನು ನಿನ್ನ ಹತ್ರನೇ ಇತ್ತಲ್ಲ.
ನಿನ್ನೆ ಅದು ಅಲ್ಲಿ
ಇಪ್ಪತ್ತಾರು ನಿಮಿಷ ಏನು ಮಾಡ್ತಿತ್ತು?"

ಗೇಟ್ ಬಿದ್ದಿತ್ರೀ, ಅಂದೆ.